ಬಲಗಾಲಿನ ಕಲ್ಲು

ಹಡ್ನಲ್ ಧಣಿಯ ಹೊಲಮನೆ, ವರ್ಜೀನಿಯಾ
ನವೆಂಬರ್ 1, 1846

ನನ್ನ ಐಸಮ್‌ಗೆ,

ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನೂ ನಿನ್ನ ಮಗಳೂ ಉಸಿರಾಡುತ್ತಿದ್ದೇವೆ, ಅದನ್ನೇ ಕ್ಷೇಮ ಎಂದುಕೋ. ದೊಡ್ಡ ಧಣಿ ಸತ್ತ. ಗುರುವಾರ ಬೆಳಿಗ್ಗೆ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವನು ಚಾಕು ಹಿಡಿದಂತೆಯೇ ಮೇಜಿನ ಮೇಲೆ ಮುಖ ಇಟ್ಟ. ಉಯಿಲು ಬರೆದಿಟ್ಟಿಲ್ಲ.

ಮಣ್ಣು ಮಾಡುವಾಗ ನಮ್ಮ ಗುಡಿಸಲುಗಳವರೆಲ್ಲ ಗುಂಡಿಯ ಸುತ್ತ ನಿಂತು ಗೋಳೋ ಎಂದು ಅತ್ತೆವು. ಪಾದ್ರಿಗೆ ಕಣ್ಣು ತುಂಬಿ ಬಂತು. "ನೋಡಿ, ಈ ಗುಲಾಮರಿಗೆ ಧಣಿ ಮೇಲೆ ಎಂಥಾ ಪ್ರೀತಿ!" ಎಂದ. ಅಡಿಗೆಮನೆಯ ಜೂಡಿ ಅಜ್ಜಿ ನನ್ನ ಪಕ್ಕೆಗೆ ತಿವಿದು, "ಅಳೇ, ಜೋರಾಗಿ ಅಳು. ಸತ್ತೋನಿಗಲ್ಲ, ಪಾಲಾಗೋರಿಗೆ ಅಳು" ಎಂದಳು.

ನೀನು ಬೇರೆ ಧಣಿಯವನು, ಈ ಪಾಲಿನಲ್ಲಿಲ್ಲ; ಇಲ್ಲಿರುವ ನಾವೆಲ್ಲ ಇನ್ನು ಅವನ ಮೂವರು ಮಕ್ಕಳ ಸೊತ್ತು. ಹಿರಿಮಗ ಲಿಟಲ್ಟನ್ ಇಲ್ಲೇ ಇರುತ್ತಾನೆ. ಮಗಳು ಆರೀನಾಳ ಗಂಡನ ಮನೆ ಗುಡ್ಡದಾಚೆ, ಅರ್ಧ ದಿನದ ದಾರಿ. ಕಿರಿಯವನು ಜೇರೆಡ್. ಅವನಿಗೆ ಹೊಗೆಸೊಪ್ಪಿನ ಬೇಸಾಯ ಸಾಕಾಗಿದೆಯಂತೆ. ತನ್ನ ಪಾಲಿಗೆ ಬಂದ ಆಳುಗಳನ್ನು ಹೊಡೆದುಕೊಂಡು ಮಿಸಿಸಿಪಿಗೆ ಹೋಗಿ ಹತ್ತಿ ಬೆಳೆಯುತ್ತಾನಂತೆ. ಅಲ್ಲಿಗೆ ಹೋದವರಿಂದ ಯಾರಿಗಾದರೂ ಒಂದು ಸುದ್ದಿ ಬಂದದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿಲ್ಲ.

ಹೆಣ ಇನ್ನೂ ನಡುಮನೆಯಲ್ಲಿತ್ತು, ನಾನು ಮೂಲೆಯಲ್ಲಿ ಕೂತು ಸಾವಿನ ಕರಿಬಟ್ಟೆ ಹೊಲಿಯುತ್ತಿದ್ದೆ. ಜೇರೆಡ್ ಅಣ್ಣನಿಗೆ ಹೇಳುತ್ತಿದ್ದ: "ಹತ್ತಿ ಬಿಡ್ಸೋಕೆ ಎಳೇ ಬೆರಳು ಬೇಕು ಕಣೋ. ದೊಡ್ಡ ಗಂಡಾಳಿಗಿಂತ ಹನ್ನೊಂದು ಹನ್ನೆರಡರ ಹುಡ್ಗೀರೇ ವಾಸಿ." ಅಷ್ಟರಲ್ಲಿ ನಮ್ಮ ವಿನಿ ನೀರಿನ ಹೂಜಿ ಹಿಡಿದು ಬಂದಳು. ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಕರು ಕೊಳ್ಳುವವನು ನೋಡುವ ಹಾಗೆ. ನನ್ನ ಕೈಯಿಂದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಅವಳನ್ನು ನನ್ನಿಂದ ಕಿತ್ತುಕೊಂಡರೆ ನಾನು ಬದುಕುವುದಿಲ್ಲ, ಐಸಮ್. ನೀನು ಪಟ್ಟಣದಲ್ಲಿ ನಾಲ್ಕು ಜನರನ್ನು ಕಂಡವನು. ಏನಾದರೂ ಉಪಾಯ ಹೇಳು. ಬಂಡಿ ಹೊಡೆಯುವ ಎಫ್ರೆಮ್ ಮಾವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡು. ನನಗೆ ಅಕ್ಷರ ಬರುತ್ತದೆ ಎಂದು ಇವರಿಗೆ ತಿಳಿದರೆ ನನ್ನ ಬೆನ್ನಿನ ಚರ್ಮ ಉಳಿಯುವುದಿಲ್ಲ.

ನಿನ್ನವಳೇ ಆದ,
ಕೆಜಾಯ


ಲಿಂಚ್‌ಬರ್ಗ್ ಪಟ್ಟಣ
ನವೆಂಬರ್ 15, 1846

ಕೆಜಾಯ,

ನಿನ್ನ ಕಾಗದ ಸುಟ್ಟೆ. ಸುಡುವ ಮೊದಲು ಮೂರು ಸಲ ಓದಿದೆ. ನಾನು ಅಕ್ಷರ ಕಲಿತದ್ದು ಇಲ್ಲಿ ಪೀಪಾಯಿ ಮಾಡುತ್ತ, ಅವುಗಳ ಮೇಲೆ ಗುರುತು ಸುಡುತ್ತ, ನಿನ್ನಷ್ಟು ಚೆನ್ನಾಗಿ ಬರೆಯಲು ಬಾರದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನನ್ನನ್ನು ರಿಚ್ಮಂಡ್‌ನಲ್ಲಿ ಮಾರಿದ ಕಥೆ ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ಉಳಿದರ್ಧ ಹೇಳುತ್ತೇನೆ. ಹರಾಜಿನ ಕಟ್ಟೆಯ ಮೇಲೆ ನನ್ನ ಪಕ್ಕ ನನ್ನದೇ ವಯಸ್ಸಿನ ಇನ್ನೊಬ್ಬನಿದ್ದ. ಅವನಿಗೆ ಒಂದು ಕಾಲು ಸೊಟ್ಟ. ಕೊಳ್ಳುವವರು ಬಂದರು, ಬಾಯಿ ತೆರೆಸಿದರು, ಓಡಿಸಿ ನೋಡಿದರು. ನಾನು ಚೆನ್ನಾಗಿ ಓಡಿದೆ. ಬೇಗ ಓಡಿದರೆ ಒಳ್ಳೆಯವರು ಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ನನ್ನನ್ನು ಕೊಂಡರು. ಆ ಕುಂಟನನ್ನು ಯಾರೂ ಮೂಸಲಿಲ್ಲ. ಸಂಜೆ ಅವನ ಧಣಿ ಬೈದುಕೊಳ್ಳುತ್ತ ಅವನನ್ನು ಬಂಡಿ ಹತ್ತಿಸಿಕೊಂಡು ವಾಪಸು ಹೊರಟ. ಅವನ ತಾಯಿ ಇದ್ದ ಊರಿಗೆ. ನಾನು ನನ್ನ ತಾಯಿಯನ್ನು ಮತ್ತೆ ನೋಡಲಿಲ್ಲ.

ವಿನಿ ಕುಂಟಲಿ. ಜೇರೆಡ್ ಆರಿಸಿಕೊಳ್ಳುವಾಗ ಅವಳ ಕಡೆ ನೋಡಬಾರದು. ಚಳಿಗಾಲದ ಬೂಟು ಕೊಟ್ಟಿರುತ್ತಾರಲ್ಲ, ಬಲಗಾಲಿನ ಬೂಟಿನೊಳಗೆ ಹಿಮ್ಮಡಿಗೆ ಒಂದು ಕಲ್ಲು ಹಾಕು. ಮಗು ಮರೆತರೂ ಕಾಲು ಮರೆಯುವುದಿಲ್ಲ. ಆ ದಿನಕ್ಕೆ ಮಾತ್ರ ಕುಂಟಿದರೆ ಸಿಕ್ಕಿಬೀಳುತ್ತಾಳೆ, ಈಗಿನಿಂದಲೇ ಶುರುವಾಗಲಿ.

ಕ್ರಿಸ್‌ಮಸ್‌ಗೆ ಬರುತ್ತೇನೆ. ಅವಳಿಗೊಂದು ಪುಟ್ಟ ಬಕೆಟ್ಟು ಮಾಡುತ್ತಿದ್ದೇನೆ, ಬಿಳಿ ಓಕ್ ಮರದ್ದು.

ಐಸಮ್


ಹಡ್ನಲ್ ಹೊಲಮನೆ
ಡಿಸೆಂಬರ್ 6, 1846

ಐಸಮ್,

ನಿನ್ನ ಮಗಳು ನಟಿ! ಹೊಗೆಸೊಪ್ಪು ಒಣಹಾಕುವ ಕೊಟ್ಟಿಗೆಯ ತೊಲೆಯಿಂದ ಬಿದ್ದಳು ಎಂದು ಕಥೆ ಕಟ್ಟಿದೆ. ಹಳ್ಳದಲ್ಲಿ ಹುಡುಕಿ ಒಂದು ಕಲ್ಲು ತಂದೆ, ಬಟಾಣಿ ಕಾಳಿಗಿಂತ ತುಸು ದೊಡ್ಡದು. ಚಿಂದಿಯಲ್ಲಿ ಸುತ್ತಿ ಬೂಟಿನ ಹಿಮ್ಮಡಿಗೆ ಹೊಲಿದೆ. ಮೊದಲ ದಿನ ಅತ್ತಳು. ಎರಡನೆಯ ದಿನ ಸಿಟ್ಟು ಮಾಡಿದಳು.

"ಎಷ್ಟು ದಿನ ಅಮ್ಮಾ?"

"ನಾನು ಹೇಳೋವರ್ಗೂ."

"ನಾಳೆ ಹೇಳ್ತೀಯಾ?"

"ವಿನಿ, ಇಲ್ಕೇಳು. ನಾನೇ ಬಾಯಿಬಿಟ್ಟು ‘ಸಾಕು’ ಅಂತೀನಲ್ಲ, ಆವಾಗ ನೆಟ್ಟಗೆ ನಡಿ. ಅಲ್ಲೀವರ್ಗೂ ದೇವ್ರೇ ಬಂದು ಓಡು ಅಂದ್ರೂ ಓಡ್ಕೂಡ್ದು."

"ದೇವ್ರಿಗೆ ನಾನು ಕುಂಟ್ತಿಲ್ಲ ಅಂತ ಗೊತ್ತಿರತ್ತಲ್ಲಾ" ಎಂದಳು. ಬಾಯಿ ನಿನ್ನದೇ.

ಹೋದ ವಾರ ಹಂದಿ ಕೊಯ್ದರು. ಪ್ರತಿವರ್ಷದಂತೆ ಹಂದಿಯ ಮೂತ್ರಚೀಲಕ್ಕೆ ಗಾಳಿ ಊದಿ ಚೆಂಡು ಮಾಡಿದ್ದರು. ಮಕ್ಕಳೆಲ್ಲ ಅದಕ್ಕೇ ಬಾಯಿ ಬಿಟ್ಟು ನಿಂತಿದ್ದರು. ಜೇರೆಡ್ ಬಂದವನೇ ಚೆಂಡು ಎತ್ತಿಕೊಂಡು ವಿನಿಯ ಮುಖ ನೋಡಿ ನಕ್ಕ. "ಏ ಕುಂಟೀ, ಮೊದ್ಲು ಮುಟ್ಟೋರಿಗೆ ಇದು" ಎಂದು ಇಳಿಜಾರಿಗೆ ಎಸೆದ. ಅವಳು ಚಿಗರೆಯ ಹಾಗೆ ಓಡುವವಳು, ಹೋದ ವರ್ಷ ಅವಳೇ ಗೆದ್ದಿದ್ದಳು. ಉಳಿದ ಮಕ್ಕಳು ಹೋ ಎಂದು ಓಡಿದರು. ಅವಳ ಭುಜ ಮುಂದಕ್ಕೆ ಬಂತು, ಕೈ ಬಿಗಿಯಾಯಿತು. ಆಮೇಲೆ ಬಲಗಾಲು ಎಳೆಯುತ್ತ, ಎಲ್ಲರಿಗಿಂತ ಹಿಂದೆ, ಕುಂಟಿಕೊಂಡು ಇಳಿದಳು. ಅಳುತ್ತಿದ್ದಳು, ಅದು ನಟನೆಯಲ್ಲ.

ಜೇರೆಡ್ ತುಪಕ್ಕನೆ ಉಗುಳಿದ. ನನಗೆ ಅವಳನ್ನು ಎದೆಗೆ ಅಪ್ಪಿಕೊಳ್ಳಬೇಕೆನಿಸಿತು. ಕರುಳು ತೊಳೆಯುತ್ತ ತಲೆ ತಗ್ಗಿಸಿ ಕೂತೆ.

ಬೇಗ ಬಾ. ನೀನು ಬಂದರೆ ಒಂದಿಷ್ಟು ಧೈರ್ಯ.

ನಿನ್ನ ಕೆಜಾಯ


ಲಿಂಚ್‌ಬರ್ಗ್
ಡಿಸೆಂಬರ್ 20, 1846

ಕೆಜಾಯ,

ಪಟ್ಟಣ ಬಿಟ್ಟು ಬರಲು ನನಗೆ ರಹದಾರಿ ಚೀಟಿ ಸಿಗಲಿಲ್ಲ. ಪಾಲು ಮುಗಿಯುವವರೆಗೆ ಹೊರಗಿನ ಆಳುಗಳು ಹೊಲಮನೆಗೆ ಕಾಲಿಡಬಾರದು ಎಂದು ಲಿಟಲ್ಟನ್ ಹೇಳಿ ಕಳಿಸಿದ್ದಾನಂತೆ. ಓಡಿಹೋಗಲು ಯಾರಾದರೂ ಕುಮ್ಮಕ್ಕು ಕೊಟ್ಟಾರು ಎಂಬ ಭಯ. ಭಯ ಅವರಿಗೂ ಇದೆ ನೋಡು.

ಬಕೆಟ್ಟನ್ನು ಎಫ್ರೆಮ್ ಮಾವನ ಹತ್ತಿರ ಕಳಿಸಿದ್ದೇನೆ.

ನಿನ್ನೆ ಸೇತುವೆ ಮೇಲೆ ದಕ್ಷಿಣಕ್ಕೆ ಮಾರಿದ ಆಳುಗಳ ಒಂದು ಸಾಲು ಹೋಯಿತು. ಗಂಡಸರಿಗೆ ಸರಪಳಿ, ಹೆಂಗಸರು ಮಕ್ಕಳು ಹಿಂದೆ. ಒಬ್ಬ ಹೆಂಗಸು ಹಾಡುತ್ತಿದ್ದಳು, ಹಾಡದಿದ್ದರೆ ಹೊಡೆಯುತ್ತಾರಂತೆ. ನಾನು ಸುತ್ತಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಮೇಸ್ತ್ರಿ ಕೂಗಿದ ಮೇಲೆಯೇ ಎಚ್ಚರವಾದದ್ದು.

ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡ. ಮಲಗುವಾಗ ಬೂಟು ಬಿಚ್ಚಿದ ಮೇಲಾದರೂ ಅವಳನ್ನು ಗುಡಿಸಲೊಳಗೆ ನೆಟ್ಟಗೆ ನಡೆಸುತ್ತೀಯಾ? ನನ್ನ ಕಣ್ಣಲ್ಲಿ ಇನ್ನೂ ಓಡುವ ವಿನಿಯೇ ಇದ್ದಾಳೆ.

ಐಸಮ್


ಹಡ್ನಲ್ ಹೊಲಮನೆ
ಡಿಸೆಂಬರ್ 30, 1846

ಐಸಮ್,

ಗೆದ್ದೆವು ಎಂದು ಬರೆಯಲು ಕೂತೆ. ಬರೆಯುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮೊದಲು ಗೆದ್ದದ್ದನ್ನು ಹೇಳುತ್ತೇನೆ.

ನಿನ್ನೆ ಕೋರ್ಟು ನೇಮಿಸಿದ ಪಂಚರು ಬಂದರು, ಮೂವರು. ಗಡಿಯಾರಕ್ಕೆ ಬೆಲೆ ಕಟ್ಟಿದರು, ಹಾಸಿಗೆಗೆ ಕಟ್ಟಿದರು, ಹೇಸರಗತ್ತೆಗಳಿಗೆ ಕಟ್ಟಿದರು. ಆಮೇಲೆ ನಮ್ಮನ್ನು ಅಂಗಳದಲ್ಲಿ ಸಾಲು ನಿಲ್ಲಿಸಿದರು. ಜೂಡಿ ಅಜ್ಜಿಗೆ ಬೆಲೆಯೇ ಇಲ್ಲ ಎಂದು ಬರೆದರು. ಅವಳು ಸೊಂಟಕ್ಕೆ ಕೈ ಕೊಟ್ಟು, "ಏನ್ ಸ್ವಾಮಿ, ಆ ನಿಂತೋದ ಗಡಿಯಾರಕ್ಕೂ ಬೆಲೆ ಕಟ್ಟಿದ್ರಿ! ನಾನಿನ್ನೂ ಟಿಕ್ ಟಿಕ್ ಅಂತಿದೀನಲ್ಲಾ" ಎಂದಳು. ಪಂಚರೂ ನಕ್ಕರು.

ವಿನಿಯ ಸರದಿ ಬಂತು. ಅವರಲ್ಲಿ ಹಿರಿಯ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಮುದುಕ, ಒಳ್ಳೆಯವನು. ಬೂಟು ಬಿಚ್ಚಿಸಿಬಿಡುತ್ತಾನೆಂದು ಅವನ ಕೈಯನ್ನೇ ನೋಡುತ್ತಿದ್ದೆ. ಬಿಚ್ಚಿಸಲಿಲ್ಲ. ಮೊಣಕಾಲು ಒತ್ತಿ ನೋಡಿದ. "ನೋಯತ್ತಾ ಮಗಾ?" ಎಂದ. ಎಲ್ಲಿ ಒತ್ತಿದರೂ ವಿನಿ ನೋಯುವವಳ ಹಾಗೆ ಹಲ್ಲು ಕಚ್ಚಿದಳು. ಅತ್ತಿಂದಿತ್ತ ನಡೆಸಿದ. ಅಂಗಳದ ನಡುವೆ ಬಿದ್ದಳು! ಬೀಳು ಎಂದು ನಾನು ಕಲಿಸಿರಲಿಲ್ಲ. "ಅಯ್ಯೋ ಪಾಪ" ಎಂದು ಮುದುಕ ತಲೆಯಾಡಿಸಿದ. ಜೇರೆಡ್ ಅಲ್ಲೇ ನಿಂತವನು, "ಇದನ್ನ ಕಟ್ಕೊಂಡು ನಾನೇನು ಮೆರವಣಿಗೆ ಮಾಡ್ಲಾ?" ಎಂದ.

ಆ ಮಾತು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗುಡಿಸಲಿಗೆ ಬಂದು ಅವಳ ಮುಖವೆಲ್ಲ ಮುದ್ದಿಟ್ಟೆ. ಬೂದಿಯಲ್ಲಿ ಗೆಣಸು ಸುಟ್ಟು, ಬೆಲ್ಲದ ಪಾಕ ಹಾಕಿ ಕೊಟ್ಟೆ. ನೀನು ಕಳಿಸಿದ ಬಕೆಟ್ಟನ್ನು ಪಕ್ಕದಲ್ಲೇ ಇಟ್ಟುಕೊಂಡು ತಿಂದಳು. "ಈಗ ‘ಸಾಕು’ ಅನ್ನಮ್ಮಾ" ಎಂದಳು. "ಹೊಸ ವರ್ಷದ ದಿನ ಪಾಲು ಮುಗೀಲಿ, ಅಂತೀನಿ" ಎಂದೆ.

ಇನ್ನು ಆ ಸುದ್ದಿ. ಇವತ್ತು ಜೂಡಿ ಅಜ್ಜಿ ಪಂಚರಿಗೆ ಊಟ ಬಡಿಸಿ ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಕೆಜಾಯ, ಅವ್ರು ಆರ್ಸ್ಕೊಳ್ಳೋದಿಲ್ವಂತೆ ಕಣೇ."

"ಯಾರು?"

"ಮಕ್ಳು. ನನಗಿದು, ನಿನಗದು ಅಂತ ಆರ್ಸೋ ಹಂಗಿಲ್ವಂತೆ. ಪಂಚರೇ ಮೂರು ಪಾಲು ಮಾಡ್ತಾರಂತೆ, ಮೂರೂ ಒಂದೇ ತೂಕ. ಆಮೇಲೆ ಟೋಪೀಲಿ ಚೀಟಿ ಹಾಕಿ ಎತ್ಸ್ತಾರಂತೆ. ಬೇಕು ಬೇಡ ಅಂತ ಯಾರೂ ಅನ್ನಂಗಿಲ್ಲ."

ಹಾಗಾದರೆ ಜೇರೆಡ್‌ಗೆ ಅವಳು ಬೇಡವಾದರೆ ಏನು ಬಂತು? ನಾವು ಸಂತೆಯ ಲೆಕ್ಕ ಹಾಕಿದೆವಾ, ಐಸಮ್? ಇದು ಸಂತೆಯಲ್ಲವಾ? ತಾಯಿ ಮಕ್ಕಳನ್ನು ಆದಷ್ಟೂ ಒಂದೇ ಪಾಲಿಗೆ ಹಾಕೋಣ ಎಂದು ಆ ಮುದುಕ ಹೇಳಿದನಂತೆ. ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ.

ಕೆಜಾಯ


ಹಡ್ನಲ್ ಹೊಲಮನೆ
ಜನವರಿ 7, 1847

ಐಸಮ್,

ನಾನು ಲಿಟಲ್ಟನ್ ಪಾಲಿಗೆ ಬಂದೆ. ವಿನಿ ಜೇರೆಡ್ ಪಾಲಿಗೆ ಹೋದಳು.

ಚೀಟಿ ಎತ್ತಿದ್ದು ನಡುಮನೆಯಲ್ಲಿ, ದೊಡ್ಡ ಧಣಿಯದೇ ಟೋಪಿ. ನಾವು ಹೊರಗೆ ಹಿಮದಲ್ಲಿ ನಿಂತಿದ್ದೆವು. ಒಬ್ಬ ಪಂಚ ಮೆಟ್ಟಿಲ ಮೇಲೆ ನಿಂತು ಹೆಸರು ಓದಿದ. ಲಿಟಲ್ಟನ್ ಪಾಲಿನಲ್ಲಿ ನನ್ನ ಹೆಸರು ಬಂತು. ಮುಂದಿನ ಹೆಸರು ವಿನಿ ಎಂದು ಕಿವಿ ನಿಮಿರಿಸಿದೆ. ಬೇರೆ ಯಾವುದೋ ಹೆಸರು ಬಂತು. ಅದರ ಮುಂದಿನದೂ ಬೇರೆ. ಆಮೇಲೆ ಓದಿದ್ದೇನೂ ನನಗೆ ಕೇಳಿಸಲಿಲ್ಲ. ವಿನಿಯ ಕೈ ನನ್ನ ಕೈಯಿಂದ ಹೋದದ್ದು ಮಾತ್ರ ಗೊತ್ತಾಯಿತು.

ನಾನು ಅಂಗಳದಲ್ಲೇ ಬಿದ್ದು ಆ ಮುದುಕನ ಕಾಲು ಹಿಡಿದುಕೊಂಡೆ. ಅವನೂ ಕಣ್ಣೊರೆಸಿಕೊಂಡ. "ನಾನು ಪ್ರಯತ್ನ ಮಾಡ್ದೆ ತಾಯಿ, ಲೆಕ್ಕ ಕೂಡ್ಲಿಲ್ಲ" ಎಂದ.

ಯಾವ ಲೆಕ್ಕ ಎಂದು ಜೂಡಿ ಅಜ್ಜಿಗೆ ಗೊತ್ತಿತ್ತು. ನನಗೆ ಹೇಳಬಾರದು ಎಂದುಕೊಂಡಿದ್ದಳಂತೆ. ನಾನು ಅವಳ ರಟ್ಟೆ ಹಿಡಿದು ಜಗ್ಗಿ ಬಾಯಿ ಬಿಡಿಸಿದೆ. ಪಂಚರು ಮೊದಲು ನನ್ನನ್ನೂ ವಿನಿಯನ್ನೂ ಒಂದೇ ಪಾಲಿಗೆ ಬರೆದುಕೊಂಡಿದ್ದರಂತೆ, ಇಲ್ಲಿಗೆ ಬರುವ ಮೊದಲೇ, ಹಳೆಯ ತೆರಿಗೆ ಪಟ್ಟಿ ನೋಡಿ. ಮೂರು ಪಾಲೂ ಸರಿತೂಗಿದ್ದವಂತೆ. ಬಂದು ನೋಡಿದರೆ ಹುಡುಗಿ ಕುಂಟಿ. ಅವಳ ಬೆಲೆ ಬಿತ್ತು, ಆ ಪಾಲೂ ಹಗುರಾಯಿತು. ಅದನ್ನು ತುಂಬಲು ಅವಳನ್ನು ತೆಗೆದು ಇನ್ನೊಂದು ಪಾಲಿನ ಗಟ್ಟಿ ಹುಡುಗನನ್ನು ಇಟ್ಟರು.

"ಒಂದು ಹೇಸರಗತ್ತೆ ಸೇರ್ಸಿದ್ರೂ ಸರಿಹೋಗ್ತಿತ್ತಂತೆ" ಎಂದಳು ಅಜ್ಜಿ. "ಆದ್ರೆ ಅವು ಜೋಡಿ ಕಣೇ. ಜೋಡಿ ಅಗಲ್ಸಿದ್ರೆ ಎರಡೂ ಕೆಲ್ಸ ಮಾಡಲ್ಲ, ಬೇಡ ಅಂದ್ರು."

ಅವಳು ನೆಟ್ಟಗೆ ನಡೆದಿದ್ದರೆ ನನ್ನ ಪಕ್ಕದಲ್ಲಿರುತ್ತಿದ್ದಳು. ಇಷ್ಟೇ, ಐಸಮ್. ಬೇರೇನಾಗಿದ್ದರೂ ಜೊತೆಯಲ್ಲಿ ಆಗುತ್ತಿತ್ತು. ನಿನ್ನನ್ನು ಬೈಯಬೇಕೆಂದು ಕಾಗದ ತೆಗೆದೆ. ಬೈಯಲಾರೆ. ಕಲ್ಲು ಹೊಲಿದದ್ದು ನನ್ನ ಕೈ.

ಚೀಟಿ ಎತ್ತಿದ ಕೂಡಲೇ ಜೇರೆಡ್ ತನ್ನ ಪಾಲಿನವರನ್ನು ಮಗ್ಗದ ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದ. ನನಗೆ ಹತ್ತಿರ ಹೋಗಲು ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ಬಂಡಿಗಳು ಹೊರಟಾಗ ರಸ್ತೆಯ ಪಕ್ಕ ನಿಂತಿದ್ದೆ. ಅವಳು ಬಂಡಿಯ ಹಿಂದೆ ಬಂದಳು, ಕೈಯಲ್ಲಿ ನಿನ್ನ ಬಕೆಟ್ಟು. ಕುಂಟುತ್ತಿದ್ದಳು. ಅಳಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಒಂದು ಮಾತಿಗೆ ಕಾಯುತ್ತಿದ್ದಳು, ನನಗೆ ಗೊತ್ತು. ಜೇರೆಡ್ ಕುದುರೆಯ ಮೇಲೆ ಪಕ್ಕದಲ್ಲೇ ಇದ್ದ. ಅವನ ಕಣ್ಣೆದುರು ಅವಳು ನೆಟ್ಟಗಾದರೆ, ಮೋಸ ಮಾಡಿದಿರಿ ಎಂದು ಅಲ್ಲೇ ಚರ್ಮ ಸುಲಿಯುತ್ತಿದ್ದ. ನನ್ನ ಬಾಯಿ ತೆರೆಯಲಿಲ್ಲ. ಬಂಡಿ ತಿರುವಿನಲ್ಲಿ ಮರೆಯಾಯಿತು.

ಅವರು ಜೇರೆಡ್‌ನ ಮಾವನ ಮನೆಯಲ್ಲಿ ತಂಗಿ, ಶನಿವಾರ ಪಟ್ಟಣದ ಸೇತುವೆ ದಾಟುತ್ತಾರಂತೆ. ಎಫ್ರೆಮ್ ಮಾವ ಈಗಲೇ ಹೊರಡುತ್ತಾನೆ, ಇದು ನಿನಗೆ ಮೊದಲೇ ತಲುಪುತ್ತದೆ. ಸೇತುವೆಯ ಹತ್ತಿರ ಹೇಗಾದರೂ ನಿಲ್ಲು. ಅವಳಿಗೆ ಹೇಳು. ಅಮ್ಮ ‘ಸಾಕು’ ಅಂದಳು, ಅಮ್ಮನೇ ಬಾಯಿಬಿಟ್ಟು ಅಂದಳು ಎಂದು ಹೇಳು. ಇಲ್ಲದಿದ್ದರೆ ಅವಳು ನಿಲ್ಲಿಸುವುದಿಲ್ಲ. ನನ್ನ ಮಗಳು ಹಟಮಾರಿ, ಮಾತು ಕೊಟ್ಟರೆ ಮುಗಿಯಿತು. ಮಿಸಿಸಿಪಿಯವರೆಗೂ ಕುಂಟುತ್ತಾಳೆ, ಐಸಮ್. ಮುದುಕಿಯಾಗುವವರೆಗೂ ಕುಂಟುತ್ತಾಳೆ.

ಕೆಜಾಯ


ಲಿಂಚ್‌ಬರ್ಗ್
ಜನವರಿ 10, 1847

ಕೆಜಾಯ,

ನಿಂತಿದ್ದೆ. ನಿನ್ನೆ ಬೆಳಿಗ್ಗೆಯಿಂದ ಒಂದೇ ಖಾಲಿ ಪೀಪಾಯಿಯನ್ನು ಸೇತುವೆಯ ಈ ತುದಿಯಲ್ಲಿ ಉರುಳಿಸುತ್ತ, ನಿಲ್ಲಿಸುತ್ತ, ಅದರ ಸುತ್ತಲಿನ ಬಳೆ ಬಡಿಯುತ್ತ ಇದ್ದೆ. ಯಾರೂ ಕೇಳಲಿಲ್ಲ. ಕೈಯಲ್ಲಿ ಕೆಲಸ ಇರುವ ಕರಿಯನನ್ನು ಯಾರೂ ನೋಡುವುದಿಲ್ಲ.

ಮಧ್ಯಾಹ್ನ ಬಂದರು. ಸುಂಕ ಕಟ್ಟಲು ಬಂಡಿಗಳು ನಿಂತವು. ಬೇಸಿಗೆಯಲ್ಲಿ ನೋಡಿದ್ದಕ್ಕಿಂತ ಒಂದು ಗೇಣು ಬೆಳೆದಿದ್ದಾಳೆ, ನೀನು ಬರೆದೇ ಇರಲಿಲ್ಲ. ಹಣೆ ನಿನ್ನದು. ನಾನು ಪೀಪಾಯಿ ಉರುಳಿಸಿಕೊಂಡು ಅವಳ ಪಕ್ಕಕ್ಕೆ ಹೋದೆ. ಅವಳು ಕೂಗಲಿಲ್ಲ. ಮುಂದೆ ನೋಡುತ್ತಲೇ, ತುಟಿ ಅಲ್ಲಾಡಿಸದೆ, "ಅಪ್ಪಾ" ಎಂದಳು.

ನಾಲಿಗೆಯ ತುದಿಗೆ ನಿನ್ನ ಮಾತು ಬಂದಿತ್ತು. ಅಷ್ಟರಲ್ಲಿ ಜೇರೆಡ್ ಸುಂಕದವನ ಜೊತೆ ಮಾತಾಡುವುದು ಕೇಳಿತು. ಸುಂಕದವನು ವಿನಿಯನ್ನು ನೋಡಿ, "ಈ ಕುಂಟೀನ ಯಾಕೆ ಹೊತ್ಕೊಂಡ್ ಹೋಗ್ತೀರಿ?" ಎಂದು ನಗುತ್ತಿದ್ದ.

"ನನ್ನ ಹಣೇಬರಹ" ಎಂದ ಜೇರೆಡ್. "ಹೊಲಕ್ಕಂತೂ ಆಗಲ್ಲ. ಹೆಂಡ್ತಿ ಕೇಳಿದಾಳೆ, ಮಗು ಆಡ್ಸ್ಕೊಂಡು ಮನೇಲಿ ಬಿದ್ದಿರ್ಲಿ ಅಂತ. ಕಾಲೊಂದು ಸರಿಯಿದ್ದಿದ್ರೆ ನಾನು ಬಿಡ್ತಿದ್ನಾ? ಸೂರ್ಯ ಹುಟ್ಟೋದ್ರಿಂದ ಮುಳುಗೋವರ್ಗೂ ಹತ್ತಿ ಸಾಲಲ್ಲಿ ನಿಲ್ಸ್ತಿದ್ದೆ."

ಆ ಹತ್ತಿಯ ಸಾಲಿನಲ್ಲಿ ದುಡಿದು ಧಣಿಯ ಜೊತೆ ವಾಪಸು ಬಂದ ಒಬ್ಬ ಇಲ್ಲಿ ನಮ್ಮ ಕೆಲಸದ ಮನೆಯಲ್ಲಿದ್ದಾನೆ. ಅವನ ಬೆನ್ನು ನಾನು ನೋಡಿದ್ದೇನೆ.

ವಿನಿ ಪಿಸುಗುಟ್ಟಿದಳು. "ಅಮ್ಮ ‘ಸಾಕು’ ಅಂದ್ಲಾ ಅಪ್ಪಾ?"

ನನಗೆ ಭಯವಾಯಿತು, ಕೆಜಾಯ. ಕಟ್ಟೆಯ ಮೇಲೆ ನಿಂತಾಗಲೂ ಅಷ್ಟು ಭಯವಾಗಿರಲಿಲ್ಲ. ಒಮ್ಮೆ ನನ್ನ ಬುದ್ಧಿ ಕೇಳಿ ಅವಳು ನಿನ್ನನ್ನು ಕಳೆದುಕೊಂಡಳು. ಈಗ ಏನು ಹೇಳಿದರೆ ಏನಾಗುತ್ತದೋ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

"ಇನ್ನೂ ಇಲ್ಲ ಮಗಳೇ" ಎಂದೆ.

ಅವಳು ಸುಮ್ಮನೆ ತಲೆಯಾಡಿಸಿದಳು. ಬಕೆಟ್ಟು ಕೆಳಗಿಟ್ಟು, ಬಗ್ಗಿ, ಬೂಟಿನೊಳಗೆ ಬೆರಳು ತೂರಿಸಿ ಏನೋ ಕಿತ್ತಳು. ಆ ಚಿಂದಿಯ ಗಂಟನ್ನು ನನ್ನ ಪೀಪಾಯಿಯೊಳಗೆ ಹಾಕಿದಳು. "ಅಮ್ಮಂಗೆ ಕೊಡು. ಇನ್ನು ಇದು ಬೇಡ. ಇದಿಲ್ದಿದ್ರೂ ಕಾಲಿಗೆ ಕುಂಟೋಕೆ ಬರತ್ತೆ" ಎಂದಳು. ಬಂಡಿ ಹೊರಟಿತು.

ಕಲ್ಲು ಈ ಕಾಗದದೊಳಗಿದೆ. ಇಷ್ಟು ಚಿಕ್ಕದೆಂದು ನಾನು ಎಣಿಸಿರಲಿಲ್ಲ.

ಅವಳು ಗುಡ್ಡದ ಬೀದಿ ಹತ್ತಿ ಹೋದಳು, ಬಲಗಾಲು ಎಳೆಯುತ್ತ. ಮೇಲೆ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು. ನಾನು ಕೈಯೆತ್ತಿ ಕೂಗಿದ್ದರೆ ಅಲ್ಲಿಗೆ ಕೇಳಿಸುತ್ತಿತ್ತು. ಕೂಗಲಿಲ್ಲ.

ಐಸಮ್